ಬಾಗಿಲು ರಜೆ

ನಮ್ಮೂರಿನ ಮನೆಗಳಿಗೆ ಬೀಗ ಹಾಕುವ ಪದ್ಧತಿ ಇಲ್ಲ. ನಾವೆಲ್ಲ ಸಾಚಾ ಜನ ಅಂತಲ್ಲ. ನಮ್ಮಲ್ಲೂ ಕಳ್ಳರಿದ್ದಾರೆ, ಅವರಲ್ಲೊಬ್ಬ ನನ್ನ ಸೋದರಮಾವನೇ. ಕಿಟಕಿಗಳಿಗೆ ಒಳಗಿನಿಂದ ಅಗಳಿ ಇದೆ, ನಮ್ಮ ಬಾಗಿಲುಗಳಿಗೆ ಬೀಗದ ಅಗತ್ಯವಿಲ್ಲ, ಅಷ್ಟೆ. ಮನೆಯವರ ಕೈ ಸೋಕಿದರೆ ತೆರೆಯುತ್ತವೆ, ಮಿಕ್ಕವರು ಆನೆ ತಂದು ತಳ್ಳಿಸಿದರೂ ಅಲ್ಲಾಡುವುದಿಲ್ಲ. ಒಳಗಿನಿಂದಲೂ ಅದೇ ಕಾನೂನು. ಊಟಕ್ಕೆ ಬಂದ ನೆಂಟರು ಎಲೆಯಡಿಕೆ ಉಗುಳಲು ಹೊರಗೆ ಹೋಗಬೇಕಾದರೂ ಮನೆಯವರು ಯಾರಾದರೂ ಎದ್ದು ಬಂದು ಬಾಗಿಲು ತೆಗೆಯಬೇಕು. ಹಾಗಾಗಿ ನಮ್ಮೂರಿಗೆ ನೆಂಟರು ಬರುವುದೂ ಕಡಿಮೆ.

ಮನೆಗೆ ಹೊಸಬರು ಬಂದರೆ ಅವರನ್ನು ಬಾಗಿಲಿಗೆ ತೋರಿಸಬೇಕು. ಮನೆಯವರೊಬ್ಬರು ಹೊಸಬರ ಕೈ ಹಿಡಿದು, ಬೆಳಿಗ್ಗೆ ಸಂಜೆ ಹಲಗೆಯ ಮೇಲೆ ಇಟ್ಟು, ತಾವೇ ತೆಗೆದು ತಾವೇ ಹಾಕಿ ತೋರಿಸುತ್ತಾರೆ. ಯಾವತ್ತೋ ಒಂದು ದಿನ ಬಾಗಿಲು ತಾನಾಗಿ ಅವರ ಕೈಗೆ ತೆರೆಯುತ್ತದೆ. ಯಾವತ್ತು ಅಂತ ಹೇಳಲು ಬಾರದು. ಮೂಲೆಮನೆಯ ಸೊಸೆಗೆ ಬಂದ ದಿನವೇ ತೆರೆಯಿತು. ಕುಂಬಾರರ ಮನೆಯ ಅಳಿಯ ಯುಗಾದಿಗೆ ಬಂದವನು ದೀಪಾವಳಿಯವರೆಗೂ ಕಿಟಕಿಯಿಂದಲೇ ಓಡಾಡಿದ. ಈಗ ಬಾಗಿಲು ತೆರೆಯುತ್ತದೆ, ಆದರೂ ಆ ಮನುಷ್ಯ ಒಳಗೆ ಹೋಗುವಾಗ ಕಿಟಕಿ ಹತ್ತುವವನ ಹಾಗೆ ಒಂದು ಕಾಲು ಎತ್ತುತ್ತಾನೆ. ಹೀಗಿರುವುದರಿಂದ ನಮ್ಮೂರಲ್ಲಿ ಯಾರನ್ನೇ ಕೆಲಸಕ್ಕೆ ಇಟ್ಟುಕೊಂಡರೂ ಬಾಗಿಲು ರಜೆ ಕೊಡುತ್ತಾರೆ. ಅಕ್ಕಿ ಗಿರಣಿಯಲ್ಲಿ ಕೊಡುತ್ತಾರೆ, ಶಾಲೆಯಲ್ಲಿ ಕೊಡುತ್ತಾರೆ, ಕ್ಷೌರದಂಗಡಿಯವನೂ ತನ್ನ ಕೆಲಸದವನಿಗೆ ಕೊಡುತ್ತಾನೆ. ಹೊಸಬರು ಬಾಗಿಲು ಕಲಿಯುವ ತನಕ ಮನೆಯಲ್ಲಿರು ಅನ್ನುತ್ತಾರೆ, ಯಾಕೆ ಅಂತ ಯಾರೂ ಕೇಳುವುದಿಲ್ಲ.

ನನ್ನ ಕಂಪನಿ ಮಾತ್ರ ಈ ಊರಿನದಲ್ಲ. ನಾನು ದೇವೀರಮ್ಮ, ಸೇತುವೆಗೆ ಬಣ್ಣ ಬಳಿಯುವ ಗ್ಯಾಂಗಿನ ಮೇಸ್ತ್ರಿ. ಸೇತುವೆ ಇರುವುದು ಬಹಳ ದೂರ. ಒಂದು ರೈಲು, ಆಮೇಲೆ ಇನ್ನೊಂದು ರೈಲು, ಆಮೇಲೆ ಲಾಂಚು. ಕಬ್ಬಿಣದ ಆ ಸೇತುವೆ ಎಷ್ಟು ಉದ್ದ ಅಂದರೆ ಈ ದಡದಿಂದ ನೋಡಿದರೆ ಆ ದಡ ಇದೆ ಅನ್ನುವುದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕು. ಹಗ್ಗದ ತೊಟ್ಟಿಲಲ್ಲಿ ಕೂತು, ತಂತಿ ಬ್ರಷ್ಷಿನಲ್ಲಿ ತುಕ್ಕು ಉಜ್ಜಿ, ಮೇಲೆ ಕೆಂಪು ಬಣ್ಣ ಬಳಿಯುತ್ತಾ ಹೋಗುವುದು ನಮ್ಮ ಕೆಲಸ. ಈ ಕೆಲಸಕ್ಕೆ ಕಂಪನಿಯವರು ನಮ್ಮೂರಿನವರನ್ನೇ ಹುಡುಕಿಕೊಂಡು ಬರುತ್ತಾರೆ. ಚಿಕ್ಕಂದಿನಿಂದ ಒಬ್ಬರಲ್ಲ ಒಬ್ಬರ ಕಿಟಕಿ ಹತ್ತಿ ಅಭ್ಯಾಸವಾದ ನಮಗೆ ಎತ್ತರದಲ್ಲಿ ತಲೆ ತಿರುಗುವುದಿಲ್ಲ.

ಮಳೆಗಾಲದಲ್ಲಿ ಬಣ್ಣ ಹಿಡಿಯುವುದಿಲ್ಲವಾದ್ದರಿಂದ ನಮ್ಮನ್ನು ಮನೆಗೆ ಕಳಿಸುತ್ತಾರೆ. ಮಳೆ ನಿಂತ ಮೇಲೆ ವಾಪಸ್ ಕರೆಸುತ್ತಾರೆ. ಕರೆಸುವುದಕ್ಕೂ ಒಂದು ಕ್ರಮವಿದೆ. ಕಂಪನಿಯ ಸಾಹೇಬರು ಸೇತುವೆಯಿಂದ ಕೆತ್ತಿದ ತುಕ್ಕಿನ ಚಕ್ಕೆಗಳನ್ನು ಡಬ್ಬಿಯಲ್ಲಿ ತಂದು, ಮನೆಮನೆಗೂ ಬಂದು, ಒಬ್ಬೊಬ್ಬರ ಅಂಗೈಯಲ್ಲಿ ಒಂದೊಂದು ಚಕ್ಕೆ ಇಡುತ್ತಾರೆ. ಅಂಗೈ ಒಡ್ಡಿ ತೆಗೆದುಕೊಂಡೆಯೋ, ಹೊರಡಲೇಬೇಕು. ನಮ್ಮ ಕೇರಿಯಲ್ಲಿ "ತುಕ್ಕು ಬಂತು" ಅಂದರೆ ಗಂಡಸರು ಹೆಂಗಸರು ಎನ್ನದೆ ಎಲ್ಲರೂ ಹಾಸಿಗೆ ಸುತ್ತಲು ಶುರುಮಾಡುತ್ತಾರೆ.

ಸಾಕಮ್ಮ ನನ್ನ ಜೊತೆಗೆ ಒಂದೇ ತೊಟ್ಟಿಲಲ್ಲಿ ಕೂರುತ್ತಿದ್ದವಳು. ನಮ್ಮೂರಿನವಳಲ್ಲ. ಯಾವ ಊರು ಅಂತ ಕೇಳಿದರೆ ಹೊಳೆ ತೋರಿಸುತ್ತಿದ್ದಳು. ಬಸುರಿಯಾಗಿದ್ದಾಗಲೂ ಬ್ರಷ್ಷು ಬಿಡದ ಗಟ್ಟಿಗಿತ್ತಿ. ಸೇತುವೆಯ ಕೆಳಗೆ ಡೇರೆಯಲ್ಲೇ ಅವಳಿಗೆ ಹೆಣ್ಣು ಮಗುವಾಯಿತು. ಅವತ್ತು ಕೈಯಲ್ಲಿದ್ದ ಬಣ್ಣ ತೊಳೆಯುವಷ್ಟು ವ್ಯವಧಾನವೂ ಇಲ್ಲದೆ ಮಗುವನ್ನು ಎತ್ತಿಕೊಂಡವಳು ನಾನು. ಕೂಸಿನ ಮೈಮೇಲೆಲ್ಲ ನನ್ನ ಬೆರಳಿನ ಕೆಂಪು. ಕೆಂಪಿ ಅಂತಲೇ ಹೆಸರಾಯಿತು. ಎರಡು ಮಳೆಗಾಲದ ಹಿಂದೆ ಸಾಕಮ್ಮ ಜ್ವರದಲ್ಲಿ ಹೋದಳು. ಅಲ್ಲಿಂದ ಕೆಂಪಿ ಇಡೀ ಗ್ಯಾಂಗಿನ ಮಗಳಾದಳು. ಒಬ್ಬರು ಉಣಿಸಿದರು, ಒಬ್ಬರು ತಲೆ ಬಾಚಿದರು, ಉಗ್ರಾಣದ ಗುಮಾಸ್ತರು ಮಳೆಗಾಲದಲ್ಲಿ ತಮ್ಮ ಮನೆಯಲ್ಲಿಟ್ಟುಕೊಂಡು ಅಕ್ಷರ ಕಲಿಸಿದರು. ಆದರೆ ಹದಿನಾಲ್ಕು ತುಂಬಿದ ಹುಡುಗಿ ಹೈಸ್ಕೂಲಿಗೆ ಹೋಗಬೇಡವೇ? ಹೊಳೆದಡದ ಡೇರೆಯಲ್ಲಿ ಹೈಸ್ಕೂಲು ಎಲ್ಲಿಂದ ಬರಬೇಕು? ಹಾಗಾಗಿ ಈ ಸಲ ಮಳೆಗಾಲಕ್ಕೆ ಊರಿಗೆ ಬರುವಾಗ ಅವಳನ್ನೂ ಕರೆದುಕೊಂಡು ಬಂದೆ. ಶಾಲೆ ನಮ್ಮ ಬೀದಿಯ ತುದಿಯಲ್ಲೇ ಇದೆ, ನಮ್ಮೂರಲ್ಲಿ ಅದು ಮಳೆಗಾಲ ಮುಗಿದ ಮೇಲೆ ಶುರುವಾಗುತ್ತದೆ. ನಾನು ಸೇತುವೆಗೆ ಹೋದಾಗ ಪಕ್ಕದ ಮನೆ ನಿಂಗಕ್ಕ ಎರಡು ಹೊತ್ತು ಊಟ ಹಾಕಿ, ರಾತ್ರಿ ಜೊತೆಗೆ ಬಂದು ಮಲಗುತ್ತೇನೆ ಅಂದಿದ್ದಳು. ಎಲ್ಲವೂ ಸರಿಯಾಗಿತ್ತು. ಬಾಗಿಲೊಂದು ಒಪ್ಪಬೇಕಿತ್ತು. ನಮ್ಮ ಮನೆಯ ಕಿಟಕಿಯಲ್ಲಿ ತಲೆ ತೂರುತ್ತದೆಯೇ ಹೊರತು ಆಳು ತೂರುವುದಿಲ್ಲ.

ನನ್ನ ಬಾಗಿಲು ಹಲಸಿನ ಮರದ್ದು, ಅಜ್ಜಿಯ ಕಾಲದ್ದು, ಗುಣವೂ ಅಜ್ಜಿಯದೇ. ನಾನು ಮದುವೆಯಾದವಳಲ್ಲ. ಹಾಗಾಗಿ ಅಜ್ಜಿ ಹೋದ ಮೇಲೆ ಅದು ನನ್ನ ಕೈ ಬಿಟ್ಟು ಬೇರೆ ಕೈ ಕಂಡಿರಲಿಲ್ಲ. ಕೆಂಪಿಯ ಕೈ ಹಿಡಿದು ಇಟ್ಟೆ. ಸುಮ್ಮನಿತ್ತು. ಮಾರನೆಯ ದಿನವೂ ಸುಮ್ಮನಿತ್ತು. ನಿಂಗಕ್ಕ ಬಾಗಿಲ ಕೀಲುಗಳಿಗೆ ಹರಳೆಣ್ಣೆ ಬಿಡು ಅಂದಳು, ಬಿಟ್ಟೆ. ಹೊಸ್ತಿಲಿಗೆ ಅರಿಶಿನ ಕುಂಕುಮ ಇಡು ಅಂದಳು, ಇಟ್ಟೆ. ಹೊಗಳಿ ನೋಡು ಅಂದಳು. ನಿನ್ನಂಥ ಬಾಗಿಲು ಈ ಸೀಮೆಯಲ್ಲೇ ಇಲ್ಲ ಅಂತ ಹೊಗಳಿದೆ. ಬೈದು ನೋಡು ಅಂದಳು. ಅದು ನನಗೆ ಚೆನ್ನಾಗಿ ಬರುತ್ತದೆ, ಬೀದಿಯೆಲ್ಲ ಕೇಳುವ ಹಾಗೆ ಬೈದೆ. ಬಾಗಿಲು ಕಿವಿಗೆ ಹಾಕಿಕೊಳ್ಳಲಿಲ್ಲ. ಕಿತ್ತು ಹಾಕಿಬಿಡೋಣ ಅಂದ ಮಲ್ಲೇಶಿ. ಅವನು ಗ್ಯಾಂಗಿನಲ್ಲಿ ನನ್ನ ನಂತರದ ಆಳು, ಬುದ್ಧಿ ಸ್ವಲ್ಪ ಕಡಿಮೆ. ಹಿಂದೆ ಒಬ್ಬರು ಹಾಗೆ ಬಾಗಿಲು ಕಿತ್ತಿದ್ದರು. ಆಮೇಲೆ ಆ ಮನೆಗೆ ಮನೆಯವರೇ ಕಾಲಿಡಲು ಆಗದೆ ಊರು ಬಿಟ್ಟರು.

ಕೆಂಪಿ ಮಾತ್ರ ಚಿನ್ನದಂಥ ಹುಡುಗಿಯಾಗಿದ್ದಳು. ನಾನು ಏಳುವ ಮೊದಲೇ ಎದ್ದು ಅಂಗಳ ಗುಡಿಸಿರುತ್ತಿದ್ದಳು. ಉಂಡ ತಟ್ಟೆ ತೊಳೆದಿಟ್ಟು, ನನ್ನ ತಟ್ಟೆಗೂ ಕಾಯುತ್ತಿದ್ದಳು. ನೀರು ಕುಡಿಯಬೇಕಾದರೂ "ದೊಡ್ಡಮ್ಮ, ಒಂದು ಲೋಟ ನೀರು ತಗೊಳ್ಳಲಾ?" ಅಂತ ಕೇಳುತ್ತಿದ್ದಳು. ಗೋಡೆಗೆ ಒರಗುತ್ತಿರಲಿಲ್ಲ. ಬಟ್ಟೆಯನ್ನು ನನ್ನ ಟ್ರಂಕಿನಲ್ಲಿಡು ಅಂದರೆ "ಇರಲಿ ದೊಡ್ಡಮ್ಮ, ಗಂಟಲ್ಲೇ ಚೆನ್ನಾಗಿದೆ" ಅನ್ನುತ್ತಿದ್ದಳು. ಇಂಥ ಹುಡುಗಿಗೆ ತೆರೆಯದ ಬಾಗಿಲು ಎಂಥ ಬಾಗಿಲು ಅಂತ ಬೀದಿಯವರೆಲ್ಲ ನನ್ನ ಬಾಗಿಲಿಗೆ ಶಾಪ ಹಾಕುತ್ತಿದ್ದರು. ನಾನೂ ಹಾಕುತ್ತಿದ್ದೆ.

ಹೀಗಿರುವಾಗ ಮಳೆ ಬೇಗ ನಿಂತು, ಇನ್ನೂ ಶಾಲೆ ಶುರುವಾಗುವ ಮೊದಲೇ ತುಕ್ಕು ಬಂತು. ತಂದವರು ಪದ್ಮರಾಜಯ್ಯನವರು, ಕಂಪನಿಯ ಹೊಸ ಸಾಹೇಬರು. ಬಾಗಿಲುಗಳು ಎಲ್ಲರಿಗೂ ತೆರೆಯುವ ಯಾವುದೋ ಊರಿನವರು. ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಬಂದಿದ್ದರು. ನಮ್ಮೂರಲ್ಲಿರುವ ಕಂಪನಿಯ ಬಂಗಲೆಯಲ್ಲಿ ಅವರನ್ನು ಬಾಗಿಲಿಗೆ ತೋರಿಸಲು ಮನೆಯವರು ಅಂತ ಯಾರೂ ಇಲ್ಲದ ಕಾರಣ, ಪಾಪ, ಹಿಂದಿನ ಕಿಟಕಿಗೆ ಏಣಿ ಹಾಕಿ ಕೊಟ್ಟಿದ್ದರು. ಆ ವಯಸ್ಸಿನಲ್ಲಿ, ಆ ಹೊಟ್ಟೆ ಹೊತ್ತು, ದಿನಾ ಏಣಿ ಹತ್ತುತ್ತಿದ್ದರು. ಒಳ್ಳೆಯ ಮನುಷ್ಯ. ಅದೇ ತೊಂದರೆಯಾಗಿದ್ದು. ಕೆಟ್ಟವರಾಗಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ.

ಅವರು ನನ್ನ ಜಗಲಿಗೆ ಬರುವಷ್ಟರಲ್ಲಿ ಅಂಗೈಯಲ್ಲಿ ತುಕ್ಕಿನ ಚಕ್ಕೆ ಹಿಡಿದುಕೊಂಡು ನಮ್ಮ ಗ್ಯಾಂಗಿನವರೆಲ್ಲ ಅವರ ಹಿಂದೆಯೇ ಬಂದಿದ್ದರು. ನಾನು ಬೇಕಂತಲೇ ರಾಗಿ ಹಿಟ್ಟು ಕಲಸುತ್ತಾ ಕೂತಿದ್ದೆ, ಎರಡು ಕೈಯೂ ಹಿಟ್ಟು.

"ದೇವೀರಮ್ಮನವರೇ, ಕೈ ತೊಳ್ಕೊಳ್ಳಿ" ಅಂದರು.

"ಆಗಲ್ಲ ಸಾಹೇಬ್ರೆ. ನನಗೆ ಬಾಗಿಲು ರಜೆ ಬೇಕು. ಹುಡುಗಿಗೆ ಬಾಗಿಲು ಇನ್ನೂ ತೆರೀತಿಲ್ಲ. ನಾನು ಹೋದ್ರೆ ಒಳಗಿದ್ರೆ ಒಳಗೇ, ಹೊರಗಿದ್ರೆ ಹೊರಗೇ."

"ಕೊಡೋಣ. ಕುಟುಂಬದ ಕಾರಣಕ್ಕೆ ರಜೆ ಕೊಡೋದ್ರಲ್ಲಿ ನಮ್ಮ ಕಂಪನಿ ಹಿಂದೆಮುಂದೆ ನೋಡಲ್ಲ. ಹುಡುಗಿ ನಿಮಗೆ ಏನಾಗ್ಬೇಕು?"

"ಗೆಳತಿ ಮಗಳು."

ಅವರ ಮುಖ ಸಣ್ಣಗಾಯಿತು. "ಗೆಳತಿ ಮಗಳು ಕುಟುಂಬ ಆಗಲ್ಲವಲ್ಲ ತಾಯಿ. ನಿಮ್ಮೂರಿಗೆ ಅಂತಲೇ ಮೇಲಿನವರು ಒಂದು ನಿಯಮ ಮಾಡಿದಾರೆ. ಇಲ್ಲಿ ಯಾರ ಕೈಗೆ ಮನೆ ಬಾಗಿಲು ತೆರೆಯುತ್ತೋ ಅವರೇ ಕುಟುಂಬ. ಯಾರಿಗೂ ತಕರಾರು ಇರಬಾರ್ದು ಅಂತ."

"ಬಾಗಿಲು ತೆರೀತಿಲ್ಲ ಅಂತಲೇ ನಾನು ರಜೆ ಕೇಳ್ತಿರೋದು!"

"ತೆರೀತಿಲ್ಲ ಅಂದ್ರೆ ಕುಟುಂಬ ಅಲ್ಲ. ಕುಟುಂಬ ಅಲ್ದಿದ್ರೆ ರಜೆ ಇಲ್ಲ."

"ತೆರೆದ್ರೆ?"

"ತೆರೆದ್ರೆ ಧಾರಾಳವಾಗಿ ಕೊಡ್ತೀನಿ."

"ತೆರೆದ ಮೇಲೆ ನಿಮ್ಮ ರಜೆ ತಗೊಂಡು ಏನ್ ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ?"

ಗ್ಯಾಂಗಿನವರು ಗೊಳ್ಳೆಂದು ನಕ್ಕರು. ಸಾಹೇಬರಿಗೂ ನಗು ಬಂತು, ಆದರೆ ನಿಯಮ ನಿಯಮವೇ. ಮಲ್ಲೇಶಿ ಮುಂದೆ ಬಂದು, "ಸಾಹೇಬ್ರೆ, ಹಂಗಾದ್ರೆ ನಮ್ಮೆಲ್ಲರ ಮುಂದೆ ಒಂದು ಮಾತು ಹೇಳಿ. ಈ ಬಾಗಿಲು ಹುಡುಗಿ ಕೈಗೆ ತೆರೆದ ಗಳಿಗೆಗೆ ನಮ್ಮ ಮೇಸ್ತ್ರಿಗೆ ರಜೆ. ಹೌದೋ ಅಲ್ವೋ?" ಅಂದ. "ಹೌದು" ಅಂದರು ಪದ್ಮರಾಜಯ್ಯ. "ಶಾಲೆ ಶುರುವಾಗಿ ಹುಡುಗಿ ನೆಲೆ ನಿಲ್ಲೋ ತನಕ ಪೂರ್ತಿ ರಜೆ. ನನ್ನ ಮಾತು ಮಾತೇ." ನಾನು ಆಗ ಮಲ್ಲೇಶಿಯನ್ನು ಮನಸ್ಸಿನಲ್ಲೇ ಬೈದುಕೊಂಡೆ. ತೆರೆಯದ ಬಾಗಿಲಿನ ಮೇಲೆ ಕಟ್ಟಿದ ಮಾತು ಯಾರ ಹೊಟ್ಟೆ ತುಂಬಿಸುತ್ತದೆ?

ಶುಕ್ರವಾರ ಸಂಜೆಯ ರೈಲಿಗೆ ಗ್ಯಾಂಗು ಹೊರಡಬೇಕು. ನಾನು ಹೋಗದಿದ್ದರೆ ಮೇಸ್ತ್ರಿ ಕೆಲಸವಷ್ಟೇ ಅಲ್ಲ, ತೊಟ್ಟಿಲೂ ಹೋಗುತ್ತದೆ, ಮತ್ತೆ ನಾವಿಬ್ಬರೂ ಉಣ್ಣುವುದು ಏನನ್ನು? ಕೆಂಪಿಗೆ ಸಾಹೇಬರು ದಾರಿಯೊಂದನ್ನು ಹೇಳಿದರು. ಕಂಪನಿಯ ದೊಡ್ಡ ಕಚೇರಿ ಇರುವ ನಗರದಲ್ಲಿ ಕೆಲಸದವರ ಮಕ್ಕಳಿಗೆ ಹಾಸ್ಟೆಲ್ಲಿದೆಯಂತೆ. ಅಲ್ಲಿ ಶಾಲೆಯೂ ಇದೆ. ಬಾಗಿಲುಗಳು ಎಲ್ಲರಿಗೂ ತೆರೆಯುತ್ತವೆ. ತಾವೇ ಜೋಪಾನವಾಗಿ ಕರೆದುಕೊಂಡು ಹೋಗಿ ಬಿಟ್ಟು ಬರುತ್ತೇನೆ ಅಂದರು. ಆ ನಗರ ಸೇತುವೆಗೆ ತದ್ವಿರುದ್ಧ ದಿಕ್ಕಿನಲ್ಲಿ. ನನಗೆ ವರ್ಷಕ್ಕೊಮ್ಮೆಯೂ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಡಬ್ಬಿಯಿಂದ ನನ್ನ ಪಾಲಿನ ಚಕ್ಕೆ ತೆಗೆದು, ಅಂಗೈ ಸಿಗದ ಕಾರಣ ಜಗಲಿಯ ಮೇಲಿಟ್ಟು, "ಶುಕ್ರವಾರ ನಾನೇ ಬರ್ತೀನಿ ತಾಯಿ" ಅಂತ ಹೇಳಿ ಹೋದರು.

ಅಲ್ಲಿಂದ ಶುಕ್ರವಾರದವರೆಗೆ ಬೀದಿಯವರಿಗೆಲ್ಲ ನನ್ನ ಬಾಗಿಲಿನದೇ ಕೆಲಸ. ಕುಂಬಾರರ ಅಳಿಯ ತನ್ನ ಅನುಭವ ಹೇಳಲು ಬಂದು ಅರ್ಧ ದಿನ ಕೂತು ಕಾಫಿ ಕುಡಿದು ಹೋದ. ಗ್ಯಾಂಗಿನವರು ಗುರುವಾರ ರಾತ್ರಿ ಬಾಗಿಲಿಗೆ ಸೇತುವೆಯ ಕೆಂಪು ಬಣ್ಣವನ್ನೇ ಎರಡು ಕೋಟು ಬಳಿದರು, ಲಂಚ ಅಂತ. ನಾನು ಮಂಗಳವಾರ ಉಪವಾಸ ಮಾಡಿದೆ, ನನಗೆ ಉಪವಾಸ ಆಗಿಬರುವುದಿಲ್ಲ, ಸಂಜೆಗೆ ಎಲ್ಲರ ಮೇಲೂ ರೇಗಿದೆ. ಕೆಂಪಿ ಹೇಳಿದಷ್ಟು ಸಲ ಕೈ ಇಟ್ಟಳು. ಕೈ ಇಟ್ಟು, ತೆರೆಯದಿದ್ದಾಗ, "ಪರವಾಗಿಲ್ಲ ದೊಡ್ಡಮ್ಮ" ಅಂತ ನನಗೇ ಸಮಾಧಾನ ಹೇಳಿದಳು.

ಶುಕ್ರವಾರ ಮಧ್ಯಾಹ್ನ ಶಾವಿಗೆ ಪಾಯಸ ಮಾಡಿದೆ. ಕಳಿಸುವಾಗ ಬಾಯಿ ಸಿಹಿ ಮಾಡಬೇಕಲ್ಲ. ಕೆಂಪಿ ಆಗಲೇ ಗಂಟು ಕಟ್ಟಿ ಬಾಗಿಲ ಪಕ್ಕ ಇಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಕೂತಿದ್ದಳು. ಲೋಟಕ್ಕೆ ಬಗ್ಗಿಸಿ ಕೊಟ್ಟೆ. ಏನಾದರೂ ಮಾತಾಡಬೇಕು ಅಂತ ಬಾಯಿಗೆ ಬಂದದ್ದು ಹೇಳಿದೆ.

"ಹಾಸ್ಟೆಲ್ಲು ಚೆನ್ನಾಗಿರುತ್ತಂತೆ."

"ಆಗಲಿ ದೊಡ್ಡಮ್ಮ."

"ಮಂಚ ಕೊಡ್ತಾರಂತೆ. ಭಾನುವಾರ ಮೊಟ್ಟೆ."

"ಆಗಲಿ ದೊಡ್ಡಮ್ಮ."

"ನಾನು ಆದಾಗ ಬಂದು ನೋಡ್ತೀನಿ."

"ಆಗಲಿ ದೊಡ್ಡಮ್ಮ. ನಿಮಗೆ ಕಷ್ಟ ಆದ್ರೆ ಬರೋದು ಬೇಡ."

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. "ಏನೇ ಅದು, ಎಲ್ಲದಕ್ಕೂ ಆಗಲಿ ಆಗಲಿ! ಬೇರೆ ಮಾತು ಬರಲ್ವಾ ನಿಂಗೆ? ಅಳೋಕೂ ಬರಲ್ವಾ? ನಿಮ್ಮಮ್ಮ ಆಗಿದ್ರೆ ಇಷ್ಟೊತ್ತಿಗೆ ಈ ಪಾಯಸದ ಪಾತ್ರೆ ನನ್ನ ತಲೆ ಮೇಲೆ ಇರ್ತಿತ್ತು!"

ಕೆಂಪಿ ಲೋಟ ಕೆಳಗಿಟ್ಟಳು. ಅವಳ ಮೂಗಿನ ಹೊಳ್ಳೆ ಅರಳಿದ್ದನ್ನು ನಾನು ಮೊದಲ ಸಲ ನೋಡಿದೆ. ಥೇಟು ಸಾಕಮ್ಮ.

"ಅಮ್ಮನ ಸುದ್ದಿ ಎತ್ತಬೇಡ" ಅಂದಳು.

"ಎತ್ತುತ್ತೀನಿ. ಏನ್ ಮಾಡ್ತೀಯ?"

"ನೀನು ನನ್ನ ಕಳಿಸಬಾರ್ದು ಅಂತ ನಾನು ಎಷ್ಟು ಒಳ್ಳೇಳಾಗಿದ್ದೆ ಗೊತ್ತಾ ನಿಂಗೆ? ಹಸಿವಾದ್ರೂ ಇನ್ನೊಂದು ಮುದ್ದೆ ಕೇಳಲಿಲ್ಲ. ರಾತ್ರಿ ಎಲ್ಲಾ ಗೊರಕೆ ಹೊಡೀತೀಯ, ಒಂದಿನ ಹೇಳಲಿಲ್ಲ. ನಿನ್ನ ಸಾರು ಬರೀ ಉಪ್ಪು, ಕಣ್ಣು ಮುಚ್ಕೊಂಡು ಕುಡಿದೆ. ತಲೆ ಬಾಚೋವಾಗ ಕೂದಲು ಕಿತ್ತು ಬರೋ ಹಂಗೆ ಎಳೀತೀಯ, ಸುಮ್ನಿದ್ದೆ. ಎಲ್ಲಾ ಸಹಿಸ್ಕೊಂಡೆ. ಆದ್ರೂ ಕಳಿಸ್ತಿದೀಯ! ಮೊದಲೇ ಗೊತ್ತಿದ್ರೆ ಮೊದಲನೇ ದಿನಾನೇ ಹೇಳ್ತಿದ್ದೆ, ಸಾರು ಬಾಯಿಗಿಡೋ ಹಂಗಿಲ್ಲ ಅಂತ!"

"ನನ್ನ ಸಾರಿಗೇನೇ ಆಗಿದೆ? ಇಡೀ ಗ್ಯಾಂಗು ಕುಡಿಯುತ್ತೆ!"

"ಹೆದರಿಕೊಂಡು ಕುಡೀತಾರೆ!"

ಅಂದವಳೇ ಲೋಟ ಎತ್ತಿ ನೆಲಕ್ಕೆ ಬಡಿದಳು. ಶಾವಿಗೆ ನನ್ನ ಸೀರೆಯ ಮೇಲೆಲ್ಲ. ದಡದಡ ಹೋದಳು, ಬಾಗಿಲು ದಢಾರ್ ಅಂತ ಹಾಕಿಕೊಂಡಿತು, ಮೇಲಿನಿಂದ ಗಾರೆ ಉದುರಿತು. "ಹೋಗು, ಹೋಗು! ಬಾಗಿಲು ಮುರಿದ್ರೆ ಯಾರು ಕಟ್ಟಿಸಿ ಕೊಡ್ತಾರೆ, ನಿಮ್ಮಪ್ಪನಾ?" ಅಂತ ನಾನೂ ಕೂಗಿದೆ. ಆಮೇಲೆ ಪಾಯಸ ಒರೆಸುತ್ತಾ, ಗೊಣಗುತ್ತಾ, ಒಲೆಯ ಮೇಲಿದ್ದ ಸಾರನ್ನು ಬೆರಳಿನಲ್ಲಿ ಅದ್ದಿ ನೆಕ್ಕಿ ನೋಡಿದೆ. ಉಪ್ಪು ಸ್ವಲ್ಪ ಮುಂದಾಗಿತ್ತು. ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಪಕ್ಕದ ಮನೆಯ ಕಿಟಕಿಯಿಂದ ನಿಂಗಕ್ಕನ ತಲೆ ಬಂತು. "ಏನಾಯ್ತೇ ದೇವೀರಿ? ಹುಡುಗಿ ಅಳ್ಕೊಂಡು ಕೆರೆ ಕಡೆ ಓಡಿದ್ಲು?"

"ಓಡಲಿ ಬಿಡು. ನಾಲಗೆ ಎಷ್ಟುದ್ದ ಅಂತ ಇವತ್ತು ಗೊತ್ತಾಯ್ತು."

"ಅದಿರಲಿ. ಬಾಗಿಲು ಯಾರು ತೆಗೆದ್ರು?"

ನನ್ನ ಕೈಯಲ್ಲಿದ್ದ ಒರೆಸುವ ಬಟ್ಟೆ ಕೆಳಗೆ ಬಿತ್ತು.

ನಾನು ತೆಗೆದಿರಲಿಲ್ಲ. ನಾನು ಒಲೆಯ ಮುಂದೆ ಕೂತಿದ್ದೆ. ಆದರೆ ನೀರು ತಂದಾಗ ಬಾಗಿಲನ್ನು ಪೂರ್ತಿ ಮುಂದಕ್ಕೆ ಹಾಕಿದ್ದೆನೋ, ಸಂದು ಬಿಟ್ಟಿದ್ದೆನೋ? ಎಷ್ಟು ನೆನೆಸಿಕೊಂಡರೂ ನೆನಪಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಕೆರೆಯ ಕಡೆ ಹೊರಟೆ. ನಿಂಗಕ್ಕ ಕಿಟಕಿ ಹತ್ತಿ ಹಾರಿ ಬಂದು ನನ್ನ ರಟ್ಟೆ ಹಿಡಿದಳು. ಅರವತ್ತರ ಮೇಲಿನ ಹೆಂಗಸು, ಆ ಹಾರಾಟ ನೋಡಬೇಕಿತ್ತು. "ನೀನು ಹೋಗಿ ಕರ್ಕೊಂಡು ಬಂದ್ರೆ ಮತ್ತೆ ನೆಂಟಳಾಗೇ ಬರ್ತಾಳೆ. ಸುಮ್ನೆ ಒಳಗೆ ಕೂತ್ಕೋ. ತಾನಾಗೇ ಬರಲಿ" ಅಂದಳು.

ಕೂತೆ. ನಿಂಗಕ್ಕ ಕಾವಲಿಗೆ ಪಕ್ಕದಲ್ಲೇ ಕೂತಳು. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ಗಾಳಿಯಲ್ಲಿ ತೊಟ್ಟಿಲು ಉಯ್ಯಾಲೆಯಾಡಿದಾಗಲೂ ಹೆದರದವಳು ಅವತ್ತು ನನ್ನ ಮನೆಯ ಮಣೆಯ ಮೇಲೆ ಕೂತು ಹೆದರಿದೆ. ಕೆರೆಯಲ್ಲಿ ನೀರು ಬೇರೆ ತುಂಬಿತ್ತು. ಹುಡುಗಿಗೆ ಈಜು ಬರುತ್ತದೆ, ಹೊಳೆಯಲ್ಲಿ ಬೆಳೆದವಳು ಅಂತ ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಪದ್ಮರಾಜಯ್ಯನವರು ಬಂದರು. ಬಾಗಿಲು ತೆಗೆದು ಒಳಗೆ ಕರೆದು, ಬಾಗಿಲನ್ನು ಭದ್ರವಾಗಿ ಮುಂದಕ್ಕೆ ಹಾಕಿ, ಎರಡು ಸಲ ತಳ್ಳಿ ನೋಡಿ, ಕಾಫಿ ಕೊಟ್ಟೆ. ನಡೆದದ್ದು ಹೇಳಿದೆ. ಅವರು ಕಾಫಿ ಕುಡಿಯುವುದನ್ನೂ ಮರೆತು ಲೋಟ ಹಿಡಿದುಕೊಂಡೇ ಕೂತರು. ಹಾಸಿಗೆ ಹೊತ್ತು ಸ್ಟೇಷನ್ನಿಗೆ ಹೊರಟಿದ್ದ ಗ್ಯಾಂಗಿನವರು ಸುದ್ದಿ ತಿಳಿದು ಒಬ್ಬೊಬ್ಬರಾಗಿ ನಮ್ಮ ಜಗಲಿಯ ಆಚೆ ಗೋಡೆಯ ನೆರಳಲ್ಲಿ ಕೂತರು.  ಮಲ್ಲೇಶಿ ಸುತ್ತಿದ ಹಾಸಿಗೆಯನ್ನು ಬಿಚ್ಚಿ ಮತ್ತೆ ಸುತ್ತುತ್ತಾ ಕೂತ.

ಬಿಸಿಲು ಇಳಿಯುವ ಹೊತ್ತಿಗೆ ಕೆಂಪಿ ಬಂದಳು. ಕಿಟಕಿಯ ಸಂದಿನಿಂದ ನೋಡುತ್ತಿದ್ದೆ. ಮುಖ ಊದಿಕೊಂಡಿತ್ತು, ಲಂಗದ ತುದಿ ಒದ್ದೆ. ಜಗಲಿ ಹತ್ತಿ, ಅಭ್ಯಾಸದಂತೆ ಬಾಗಿಲಿನಿಂದ ಒಂದು ಮಾರು ಹಿಂದೆ ನಿಂತುಕೊಂಡಳು. ಯಾರಾದರೂ ಬಂದು ತೆಗೆಯಲಿ ಅಂತ. ಸಿಟ್ಟಿನಲ್ಲಿ ಹೊರಟಾಗ ತನ್ನ ಕೈ ಏನು ಮಾಡಿತ್ತು ಅನ್ನುವುದು ಅವಳಿಗೂ ಗೊತ್ತಿರಲಿಲ್ಲ. ಗ್ಯಾಂಗಿನವರೆಲ್ಲ ಆಕಾಶ ನೋಡತೊಡಗಿದರು. ನನ್ನ ಕೈ ಬಾಗಿಲ ಕಡೆ ತಾನಾಗಿ ಹೋಯಿತು. ನಿಂಗಕ್ಕ ಪಟ್ ಅಂತ ಹೊಡೆದಳು.

"ದೊಡ್ಡಮ್ಮ, ಬಾಗಿಲು" ಅಂದಳು ಹೊರಗಿನಿಂದ, ಸಣ್ಣ ದನಿಯಲ್ಲಿ.

 ನಾನು ಒರೆಸುವ ಬಟ್ಟೆ ಕೈಗೆತ್ತಿಕೊಂಡು ಕೂಗಿದೆ. "ಬಾಗಿಲಂತೆ ಬಾಗಿಲು! ನೀನು ಚೆಲ್ಲಿದ ಪಾಯಸ ಇನ್ನೂ ಒರೆಸ್ತಿದೀನಿ, ನಂಗೆ ಕೈ ಬಿಡುವಿಲ್ಲ. ತೆಕ್ಕೊಂಡು ಬಾರೇ!"

"ನಾನೇನು ಬೇಕು ಅಂತ ಚೆಲ್ಲಿದ್ನಾ?" ಅಂತ ಅಲ್ಲಿಂದಲೇ ಜೋರು ಮಾಡುತ್ತಾ, ಅಂಗೈಯಲ್ಲಿ ಬಾಗಿಲನ್ನು ಧಡ್ ಅಂತ ತಳ್ಳಿ ಒಳಗೆ ಬಂದಳು. ನನ್ನ ಕಡೆ ನೋಡಲಿಲ್ಲ, ಸಾಹೇಬರ ಕಡೆ ನೋಡಲಿಲ್ಲ. ನೇರ ಹಂಡೆಯ ಹತ್ತಿರ ಹೋಗಿ, ಲೋಟ ಮುಳುಗಿಸಿ ಗಟಗಟ ಕುಡಿದು, ಇನ್ನೊಂದು ಲೋಟ ಮುಳುಗಿಸಿ ಅದನ್ನೂ ಕುಡಿದು, ಬಾಯಿ ಒರೆಸಿಕೊಂಡು ತಿರುಗಿದಳು. ಒಳಗಿದ್ದವರು, ಕಿಟಕಿಯ ಆಚೆ ಇದ್ದವರು, ಎಲ್ಲರೂ ಬಾಯಿ ಬಿಟ್ಟು ಅವಳನ್ನೇ ನೋಡುತ್ತಿದ್ದೆವು.

"ಏನು?" ಅಂದಳು.

 ಅವಳೇ ಹಾರು ಹೊಡೆದಿದ್ದ ಬಾಗಿಲನ್ನು ನೋಡಿದಳು, ತನ್ನ ಅಂಗೈ ನೋಡಿಕೊಂಡಳು. ಬಾಗಿಲಿನ ಎರಡು ಕೋಟು ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಅಂಗೈ ಕೆಂಪಗಾಗಿತ್ತು. ಆಮೇಲೆ ನೆಲದ ಮೇಲೆ ಕುಸಿದು ಕೂತು ಜೋರಾಗಿ ಅಳಲು ಶುರುಮಾಡಿದಳು. ನಾನೂ ಪಕ್ಕದಲ್ಲಿ ಕೂತು ಶುರುಮಾಡಿದೆ. ಹೊರಗೆ ಗ್ಯಾಂಗಿನವರು ಹಾಕಿದ ಕೇಕೆಗೆ ಬೀದಿಯ ನಾಯಿಗಳೆಲ್ಲ ಎದ್ದು ಬೊಗಳಿದವು.

ಪದ್ಮರಾಜಯ್ಯನವರು ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ ಎದ್ದು ನಿಂತರು. ಅವರ ಕಣ್ಣೂ ಒದ್ದೆಯಾಗಿತ್ತು, ಮುಚ್ಚಿಡಲು ಹೋಗಲಿಲ್ಲ. "ಕುಟುಂಬವೇ" ಅಂದರು. "ಅನುಮಾನವೇ ಇಲ್ಲ. ರಜೆ ಕೊಟ್ಟಿದೀನಿ ದೇವೀರಮ್ಮನವರೇ, ಈ ಗಳಿಗೆಯಿಂದ."

ಮಲ್ಲೇಶಿ ಕಿಟಕಿಯಲ್ಲಿ ತಲೆ ತೂರಿಸಿ, "ಬಾಗಿಲು ಕಲಿತ ಮೇಲೆ ಬಾಗಿಲು ರಜೆ ಯಾಕೆ ಅಂತ ಮೇಲಿನವರು ಕೇಳಿದ್ರೆ ಏನ್ ಹೇಳ್ತೀರಿ ಸಾಹೇಬ್ರೆ?" ಅಂದ. ಇವನ ಬುದ್ಧಿಯ ವಿಷಯ ಆಗಲೇ ಹೇಳಿದ್ದೇನೆ.

"ಕೇಳಲಿ" ಅಂದರು ಸಾಹೇಬರು. "ನಿಯಮ ಮಾಡಿದವರು ಅವರೇ. ಅದು ಹೇಳೋ ಪ್ರಕಾರವೇ ನಾನು ಮಾಡಿದೀನಿ." ಜಗಲಿಯ ಮೇಲಿದ್ದ ನನ್ನ ಪಾಲಿನ ತುಕ್ಕಿನ ಚಕ್ಕೆಯನ್ನು ಹುಡುಕಿ ತೆಗೆದು ಮತ್ತೆ ಡಬ್ಬಿಗೆ ಹಾಕಿಕೊಂಡರು. ನಾನು ಬರುವ ತನಕ ಮೇಸ್ತ್ರಿಗಿರಿ ಮಲ್ಲೇಶಿಗೆ ಅಂತಾಯಿತು. ಸೇತುವೆಯ ಕೀಲುಗಳ ಅಡಿಭಾಗ ಬಿಟ್ಟು ಬಣ್ಣ ಬಳಿದೆಯೋ, ಬಂದು ನಿನ್ನನ್ನೇ ಬಳಿಯುತ್ತೇನೆ ಅಂತ ಅವನಿಗೆ ಹೇಳಿ, ಮೊದಲ ಬಾರಿಗೆ ಪ್ಲಾಟ್‌ಫಾರಂ ಮೇಲೆ ನಿಂತು ಗ್ಯಾಂಗಿಗೆ ಕೈ ಬೀಸಿದೆ. ಕೆಂಪಿ ಪಕ್ಕದಲ್ಲಿ ನಿಂತು ಕಡಲೆಕಾಯಿ ತಿನ್ನುತ್ತಾ ಸಿಪ್ಪೆಯನ್ನೆಲ್ಲ ನನ್ನ ಕಾಲ ಮೇಲೆ ಉದುರಿಸುತ್ತಿದ್ದಳು.

ಆ ರಜೆಯಲ್ಲಿ ನಾವಿಬ್ಬರೂ ಮಾಡಿದ್ದು ಜಗಳವೊಂದೇ. ಉಪ್ಪಿಗೆ ಜಗಳ, ಗೊರಕೆಗೆ ಜಗಳ, ಅವಳು ಡೇರೆಯಲ್ಲಿ ಬೆಳೆದವಳಾದ್ದರಿಂದ ಹಾಸಿಗೆ ಸುತ್ತುವುದು ಹೇಗೆ ಅನ್ನುವುದಕ್ಕೂ ಜಗಳ. ಅವಳ ಬಟ್ಟೆ ನನ್ನ ಟ್ರಂಕಿಗೆ ಬಂದಿತು, ಸ್ವಲ್ಪ ದಿನಕ್ಕೆ ನನ್ನ ಬಟ್ಟೆಗೆ ಅಲ್ಲಿ ಜಾಗವಿಲ್ಲದಾಯಿತು. ಸಾರಿನ ಕೆಲಸವನ್ನು ಅವಳೇ ಕಿತ್ತುಕೊಂಡಳು. ಹೇಳಬಾರದು, ಚೆನ್ನಾಗಿಯೇ ಮಾಡುತ್ತಾಳೆ. ಪದ್ಮರಾಜಯ್ಯನವರು ಅಷ್ಟರಲ್ಲಿ ತಮ್ಮ ಊರಿಗೆ ಹೋಗಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದರು. ಈಗ ಬಂಗಲೆಯ ಕಿಟಕಿಗೆ ಇಡೀ ಸಂಸಾರ ಸಾಲಾಗಿ ಏಣಿ ಹತ್ತುತ್ತದೆ. ಬೇಗ ಒಂದು ಜಗಳ ಮಾಡಿಕೊಳ್ಳಿ ಅಂತ ನಿಂಗಕ್ಕ ಅವರ ಹೆಂಡತಿಗೆ ಹೇಳಿ ಬಂದಿದ್ದಾಳಂತೆ.

ಶಾಲೆ ಶುರುವಾಗಿ, ಕೆಂಪಿಗೆ ಇಬ್ಬರು ಗೆಳತಿಯರೂ ಒಬ್ಬ ಶತ್ರುವೂ ಸಿಕ್ಕ ಮೇಲೆ, ಸಾಹೇಬರು ಡಬ್ಬಿ ಹಿಡಿದು ಮತ್ತೆ ಬಂದರು. ಈ ಸಲ ನಾನೇ ಕೈ ತೊಳೆದು ಅಂಗೈ ಒಡ್ಡಿದೆ. ಹೊರಡುವ ದಿನ ಬೆಳಿಗ್ಗೆಯೂ ನಮಗೆ ಜಗಳವಾಯಿತು. ನಾನು ಅವಳ ರಿಬ್ಬನ್ನನ್ನು ಹಾಸಿಗೆ ಕಟ್ಟಲು ತೆಗೆದುಕೊಂಡಿದ್ದೆ. ಅವಳು ಸ್ಟೇಷನ್ನಿಗೂ ಬರುವುದಿಲ್ಲ ಅಂದಳು, ಮುಖ ಆಚೆ ತಿರುಗಿಸಿಕೊಂಡು ಜಡೆ ಹಾಕುತ್ತಾ ಕೂತಳು. ಬೇಡ ಹೋಗು ಅಂತ ನಾನೂ ಹಾಸಿಗೆ ಹೆಗಲಿಗೇರಿಸಿ ಹೊಸ್ತಿಲು ದಾಟಿದೆ. ಬಾಗಿಲನ್ನು ಮುಂದಕ್ಕೆ ಎಳೆದುಕೊಳ್ಳಲು ತಿರುಗಿ ಕೈ ಚಾಚಿದೆ. ಅಷ್ಟರಲ್ಲಿ ಅದು ಒಳಗಿನಿಂದ ದಢ್ ಅಂತ ಹಾಕಿಕೊಂಡಿತು.

"ಬೇಗ ಬಾ!" ಅಂತ ಒಳಗಿನಿಂದ ಕೂಗಿದಳು, ಸಿಟ್ಟಿನಲ್ಲೇ.

ಅಜ್ಜಿ ಹೋದಾಗಿನಿಂದ ಪ್ರತಿ ವರ್ಷ ಈ ಬಾಗಿಲನ್ನು ಎಳೆದುಕೊಂಡು ಹೊರಟವಳು ನಾನೇ, ಒಳಗೆ ಯಾರೂ ಇಲ್ಲದ ಮನೆಯ ಮೇಲೆ. ಆವತ್ತು ನನ್ನ ಕೈ ಹಾಗೇ ಗಾಳಿಯಲ್ಲಿ ನಿಂತಿತು. ರೈಲಿಗೆ ಹೊತ್ತಾಗಿತ್ತು. ಆದರೂ ನಾನು ಹಾಸಿಗೆ ಕೆಳಗಿಟ್ಟು, ನನ್ನದೇ ಜಗಲಿಯ ಮೇಲೆ ಕೂತು, ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು, ಮನಸಾರೆ ಅತ್ತು ಹೋದೆ.